ಸೋಸಿದ ಬೆಳಕು

ಮೊನ್ನೆ ಶನಿವಾರ ಹಳೇಬೀಡಿನ ಕಡೆಯಿಂದ ಅರಸೀಕೆರೆಗೆ ಬಂದ ಬಸ್ಸಿನ ಕಂಡಕ್ಟರು ನನ್ನ ಕೈಗೊಂದು ಪೊಟ್ಟಣ ಕೊಟ್ಟು, "ಅಜಿತ ಕಳ್ಸವ್ನೆ. ಭಾರ ಇಲ್ಲ, ಒಡ್ಯೋದೂ ಅಲ್ಲ ಅಂದ. ಏನೈತೆ ಅಂತ ನಂಗೂ ಹೇಳ್ಲಿಲ್ಲ" ಎಂದರು. ಹೇಳದಿದ್ದುದಕ್ಕೆ ಅವರಿಗೆ ಸ್ವಲ್ಪ ಬೇಸರವಾಗಿದ್ದಂತಿತ್ತು. ನಮ್ಮ ಕಡೆ ಬಸ್ಸಿನಲ್ಲಿ ಕಳಿಸುವ ಸಾಮಾನಿಗೆ ಚೀಟಿ ಇರುವುದಿಲ್ಲ, ಕಂಡಕ್ಟರ ಬಾಯಿಮಾತೇ ಚೀಟಿ. ಅವರಿಗೇ ಗೊತ್ತಿಲ್ಲವೆಂದ ಮೇಲೆ ನನಗೆ ಉಳಿದದ್ದು ಪೊಟ್ಟಣ ಬಿಚ್ಚುವ ದಾರಿಯೊಂದೇ.

ಮನೆಗೆ ಬಂದು ಬಿಚ್ಚಿದೆ. ಒಳಗಿದ್ದದ್ದು ಬಿಳಿ ಬಟ್ಟೆ. ತೆಳ್ಳಗಿನ ಮಲ್ ಬಟ್ಟೆ, ಎರಡು ಪದರ ಸೇರಿಸಿ ಕೈಯಲ್ಲಿ ಹೊಲಿದದ್ದು, ಅಂಚಿನುದ್ದಕ್ಕೂ ಅಲ್ಲಲ್ಲಿ ಕಟ್ಟುವ ಲಾಡಿಗಳು. ಕರ್ಪೂರವೂ ಲವಂಗವೂ ಬೆರೆತ, ಹಳೆಯ ಮರದ ಪೆಟ್ಟಿಗೆಯ ವಾಸನೆ. ಬಿಡಿಸುತ್ತ ಹೋದಂತೆ ಅದು ಮುಗಿಯಲೇ ಇಲ್ಲ, ನಡುಮನೆಯ ತುಂಬ ಹರಡಿಕೊಂಡಿತು. ನಾನು ಮದುವೆ ಪತ್ರಿಕೆ ಮಾಡುವ ಕೆಲಸದವನಾದ್ದರಿಂದ ನನ್ನ ತಲೆಗೆ ಮೊದಲು ಹೊಳೆದದ್ದು ಅಂತರಪಟ. ಧಾರೆಯ ಹೊತ್ತಿಗೆ ಹೆಣ್ಣು ಗಂಡಿನ ನಡುವೆ ಹಿಡಿಯುತ್ತಾರಲ್ಲ, ಆ ಬಟ್ಟೆ. ಆದರೆ ಅಂತರಪಟಕ್ಕೆ ಸ್ವಸ್ತಿಕ ಬರೆದಿರಬೇಕು, ಇದರಲ್ಲಿ ಇಲ್ಲ. ಲಾಡಿಯಂತೂ ಯಾವ ಅಂತರಪಟಕ್ಕೂ ಇರುವುದಿಲ್ಲ. ಅಮ್ಮ ಬಂದು ನೋಡಿ, "ದಿಂಬಿನ ಚೀಲವಾ?" ಎಂದಳು.

"ಯಾವ ಆನೆಗಮ್ಮ?" ಎಂದೆ.

ಅಂಚನ್ನು ಬೆರಳಲ್ಲಿ ಸವರುತ್ತಿದ್ದಾಗ ಹೊಲಿಗೆ ಸಿಕ್ಕಿತು. ಜೀರಿಗೆಯಷ್ಟು ಉದ್ದದ ಹೊಲಿಗೆ, ಒಂದರ ಹಿಂದೊಂದು, ಎಲ್ಲಿಯೂ ಸಾಲು ತಪ್ಪದೆ. ಆ ಹೊಲಿಗೆಯನ್ನು ನಾನು ಹಿಂದೊಮ್ಮೆ ಹಳೇಬೀಡಿನಲ್ಲಿ ನೋಡಿದ್ದೆ. ಅದು ಅಜಿತನ ಅಜ್ಜಿಯ ಹೊಲಿಗೆ. ಇನ್ನು ನಿಮಗೆ ಹೇಳದಿದ್ದರೆ ಆಗುವುದಿಲ್ಲ: ಈ ಬಟ್ಟೆ ಒಬ್ಬ ಅಜ್ಜಿಯ ಊಟಕ್ಕೆ ಸಂಬಂಧಪಟ್ಟದ್ದು. ಬಟ್ಟೆಗೂ ಊಟಕ್ಕೂ ಏನು ಸಂಬಂಧ, ಎರಡಕ್ಕೂ ಸೇರಿ ಕಂಪ್ಯೂಟರ್ ಮೇಜಿಗೆ ಏನು ಸಂಬಂಧ ಎಂದು ಕೇಳಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಶುರು ಮಾಡೋಣವೆಂದೇ ಕೂತಿದ್ದೇನೆ.

ನನಗೆ ದಿನಚರಿ ಬರೆಯುವ ಅಭ್ಯಾಸ. ಬರೀ ಬರೆಯುವುದಲ್ಲ, ಲೆಕ್ಕ ಇಡುವುದು. ಯಾವ ದಿನ ಕರೆಂಟು ಎಷ್ಟು ಸಲ ಹೋಯಿತು, ಯಾರ ಪತ್ರಿಕೆಯಲ್ಲಿ ಮಾವನ ಹೆಸರು ಎಷ್ಟನೇ ಸಲ ತಿದ್ದಿಸಿದರು, ಎಲ್ಲಕ್ಕೂ ಗೆರೆ ಹಾಕಿಡುತ್ತೇನೆ. ಪುಟದ ಕೊನೆಗೆ 'ತಿಳಿಯದ್ದು' ಎಂದು ಒಂದು ಸಾಲು ಬಿಡುತ್ತೇನೆ. ಅವತ್ತು ಅರ್ಥವಾಗದ ಸಂಗತಿ ಅಲ್ಲಿ ಕೂರುತ್ತದೆ. ಅರ್ಥವಾಗುವ ತನಕ ದಿನದಿನವೂ ಮುಂದಿನ ಪುಟಕ್ಕೆ ದಾಟುತ್ತ ಹೋಗುತ್ತದೆ. ಹೆಚ್ಚಿನವು ವಾರದಲ್ಲಿ ತೀರುತ್ತವೆ. ಹಳೇಬೀಡಿನ ಅಜ್ಜಿಯ ವಿಷಯ ಮಾತ್ರ ವರ್ಷಗಳಿಂದ ದಾಟುತ್ತಲೇ ಬಂದಿದೆ. ಹೊಸ ವರ್ಷದ ಪುಸ್ತಕ ತಂದಾಗ ನಾನು ಮೊದಲು ಬರೆಯುವುದು ನನ್ನ ಹೆಸರು, ಎರಡನೆಯದು ಆ ಅಜ್ಜಿಯ ವಿಷಯ.

ಆಗ ನಾವು ಮೂವರು. ಈ ಕಡೆಯ ಮದುವೆ ಎಂದರೆ ನಮ್ಮ ಮೂವರ ಕೈ ದಾಟಿ ಮುಗಿಯುತ್ತಿತ್ತು. ಪತ್ರಿಕೆ ಮಾಡುವವನು ಅರಸೀಕೆರೆಯ ನಾನು. ಫೋಟೋ, ವೀಡಿಯೋ ತೆಗೆಯುವವನು ಬೇಲೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಮಂಜ. ಆ ವೀಡಿಯೋವನ್ನು ಕತ್ತರಿಸಿ, ಜೋಡಿಸಿ, ಓಲಗದ ಸದ್ದು ಸೇರಿಸಿ ಕೊಡುವವನು ಹಳೇಬೀಡಿನ ಅಜಿತ. ಬಸದಿಯ ಕಡೆ ಹೋಗುವ ದಾರಿಯಲ್ಲಿ ಅವನ ಮನೆ, ಜೈನರು, ಒಂದು ಕಾಲಕ್ಕೆ ಬಟ್ಟೆ ವ್ಯಾಪಾರವಿತ್ತು. ಮೂವರೂ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರು. ಕೆಲಸದ ಮಾತಿಗೆಂದು ಫೋನಿನಲ್ಲಿ ಮಾಡಿಕೊಂಡ ಗುಂಪು ಯಾವಾಗ ಮೇಜಿನ ಗುಂಪಾಯಿತೋ ನೆನಪಿಲ್ಲ. ಒಂದು ಭಾನುವಾರ ಮಂಜ ತನ್ನ ಕಂಪ್ಯೂಟರ್ ಮೇಜಿನ ಫೋಟೋ ಹಾಕಿ, "ಹೆಂಗೈತ್ರಲಾ ನಮ್ ಸೆಟಪ್ಪು?" ಎಂದು ಕೇಳಿದ. ಆಮೇಲೆ ಪ್ರತಿ ಭಾನುವಾರ ಮೂವರೂ ತಂತಮ್ಮ ಮೇಜು ತೋರಿಸುವುದು ಪದ್ಧತಿಯಾಯಿತು.

ಮೇಜಿನಲ್ಲಿ ತೋರಿಸುವುದಕ್ಕೆ ಏನಿರುತ್ತದೆ ಎಂದು ನೀವು ಕೇಳಬಹುದು. ನನ್ನ ಅಪ್ಪನೂ ಕೇಳಿದ್ದರು. ಇರುತ್ತದೆ. ಮಂಜನ ಮಾನಿಟರು ನಿಂತಿದ್ದು ಬಳಪದ ಕಲ್ಲಿನ ಮೇಲೆ. ಬೇಲೂರಿನ ಶಿಲ್ಪಿಯೊಬ್ಬರು ಅರ್ಧ ಕೆತ್ತಿ, ಬಿರುಕು ಕಂಡು ಬಿಟ್ಟುಬಿಟ್ಟ ಆನೆ ಅದು. ಸೊಂಡಿಲಿಲ್ಲದ ಆ ಆನೆಯ ಬೆನ್ನ ಮೇಲೆ ಮಾನಿಟರು ಅಂಬಾರಿಯ ಹಾಗೆ ಕೂತಿರುತ್ತಿತ್ತು. ನನ್ನದು ಹಳೇ ಬಾಗಿಲು. ಚಿಲಕ ತೆಗೆಸಿ, ಎರಡು ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳ ಮೇಲೆ ಮಲಗಿಸಿದ್ದೆ. ವೈರುಗಳನ್ನೆಲ್ಲ ಮೇಜಿನಡಿ ತೆಂಗಿನ ನಾರಿನ ಹುರಿಯಲ್ಲಿ ಬಿಗಿದು ಕಟ್ಟಿದ್ದೆ. ನಮ್ಮ ಗುಂಪಿಗಿದ್ದ ಕಾನೂನು ಒಂದೇ: ವೈರು ಕಾಣಬಾರದು. ಅದೊಂದಕ್ಕೆ ನಾನು ಪಟ್ಟ ಪಾಡು ನನ್ನ ಓದಿಗೆ ಪಟ್ಟಿದ್ದರೆ ಇವತ್ತು ಬೇರೆ ಯಾರಾದರೂ ನನ್ನ ಮದುವೆ ಪತ್ರಿಕೆ ಮಾಡುತ್ತಿದ್ದರೋ ಏನೋ.

"ಎಡಗಡೆ ಮೂಲೇಲಿ ಇಲಿ ಬಾಲದಂಗೆ ಏನೋ ಇಳಿಬಿದ್ದೈತಲ್ಲೋ" ಎಂದು ಮಂಜ ನನ್ನ ಫೋಟೋ ಹಿಗ್ಗಿಸಿ ನೋಡಿ ಬರೆಯುತ್ತಿದ್ದ.

"ಅದು ಅಮ್ಮನ ಬಳ್ಳಿ, ಹೊರಗಿಂದ ಕಿಟಕೀಲಿ ಬಂದಿರೋದು."

"ಬಳ್ಳಿಗೆ ಪಿನ್ನು ಬಂದೈತಾ?"

ಹೀಗೆ ಮಾತು. ಸಂಜೆಯಾದ ಮೇಲೆ ಕೋಣೆಯ ದೀಪ ಆರಿಸಿ, ಮಾನಿಟರಿನ ಹಿಂದೆ ಅಂಟಿಸಿದ ಬಣ್ಣದ ಎಲ್‌ಇಡಿ ಪಟ್ಟಿ ಹೊತ್ತಿಸಿ, ಕತ್ತಲಲ್ಲಿ ಮೇಜು ಹೊಳೆಯುವಂತೆ ಫೋಟೋ ತೆಗೆಯುವುದು ನಮ್ಮ ವಿದ್ಯೆಯ ತುದಿ. ನೇರಳೆ, ನೀಲಿ, ಕೇಸರಿ. ಅಮ್ಮ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಆರ್ಕೆಸ್ಟ್ರಾದವರು ಯಾವಾಗ ಬರುತ್ತಾರೆ ಎಂದು ಕೇಳಿದ್ದಳು.

ಅಜಿತನ ಮೇಜಿನ ಮುಂದೆ ಇದೆಲ್ಲ ಏನೂ ಅಲ್ಲ. ಮಳೆಗಾಲ ಬಂತೆಂದರೆ ಅವನ ಫೋಟೋಗಳಿಗೆ ಒಂದು ಕಳೆ ಬರುತ್ತಿತ್ತು. ಮುಸ್ಸಂಜೆ, ಕತ್ತಲು ಕೋಣೆ, ನಡುವೆ ಮೇಜು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಬಲ್ಬು ಕಣ್ಣಿಗೆ ಚುಚ್ಚುವುದಿಲ್ಲ, ಎಲ್ಲೂ ಗಡುಸಾದ ನೆರಳಿಲ್ಲ. ಹಾಲಿನೊಳಗೆ ದೀಪ ಹಚ್ಚಿಟ್ಟಂತೆ ಇಡೀ ಮೇಜು ಮೆತ್ತಗೆ ಬೆಳಗುತ್ತಿತ್ತು. ವೈರು? ಒಂದೂ ಕಾಣುತ್ತಿರಲಿಲ್ಲ. ಮಂಜ ಕ್ಯಾಮೆರಾ ಹಿಡಿದೇ ಹೊಟ್ಟೆ ಹೊರೆಯುವವನು, ಅವನಿಗೂ ಗುಟ್ಟು ಹತ್ತಲಿಲ್ಲ. ಲೆನ್ಸಿಗೆ ಎಣ್ಣೆ ಸವರಿದ್ದಾನೆ ಎಂದ. ಆಮೇಲೆ, ಇಲ್ಲ, ಹೊಗೆ ಹಾಕಿದ್ದಾನೆ ಎಂದ. ನಾನೂ ನನ್ನ ದೀಪಕ್ಕೆ ಬೆಣ್ಣೆ ಕಾಗದ ಸುತ್ತಿ ನೋಡಿದೆ. ಮೇಜಿಗೆ ಕಾಮಾಲೆ ಬಂದಂತಾಯಿತು. ಅಜಿತನನ್ನೇ ಕೇಳಿದರೆ, "ಏನಿಲ್ಲ ಕಣೋ, ಸುಮ್ನೆ" ಎನ್ನುತ್ತಿದ್ದ. ಸುಮ್ಮನೆ ಹಾಗೆಲ್ಲ ಆಗುವುದಿಲ್ಲ ಎಂದು ದೀಪ ಹಚ್ಚುವ ಎಲ್ಲರಿಗೂ ಗೊತ್ತು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಫೋಟೋ ಹಾಕಿದರೆ ಮೆಚ್ಚಿದವರು ಹೆಬ್ಬೆಟ್ಟಿನ ಗುರುತೋ, ಹೃದಯದ ಗುರುತೋ ಒತ್ತುತ್ತಾರಲ್ಲ. ಯಾರು ಯಾರ ಮೇಜಿಗೆ ಒತ್ತಿದರು ಎಂದು ನಾನು ಗೆರೆ ಹಾಕಿಡುತ್ತಿದ್ದೆ. ನಗಬೇಡಿ, ಮೂವರೇ ಇದ್ದ ಗುಂಪಿನಲ್ಲಿ ಒಬ್ಬ ಒತ್ತದಿದ್ದರೆ ಅರ್ಧ ಲೋಕವೇ ಮುಖ ತಿರುಗಿಸಿದಂತೆ. ಬೇಸಿಗೆಯಲ್ಲಿ ಅಜಿತ ಎಲ್ಲದಕ್ಕೂ ಒತ್ತುತ್ತಿದ್ದ. ಮಳೆಗಾಲ ಶುರುವಾದದ್ದೇ ನಮ್ಮ ರಾತ್ರಿಯ ಫೋಟೋಗಳಿಗೆ ಒಂದನ್ನೂ ಒತ್ತುತ್ತಿರಲಿಲ್ಲ. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಆದರೆ ಆಷಾಢದಲ್ಲಿ ಮದುವೆಯೇ ಇರುವುದಿಲ್ಲ, ಅವನಿಗೆ ಕೈತುಂಬ ಬಿಡುವು. ನನ್ನ ಗೆರೆಗಳನ್ನು ನೋಡಿದಷ್ಟೂ ತಲೆ ಕೆಟ್ಟಿತು.

ಮಂಜನಿಗೆ ತಲೆ ಕೆಡುವ ಸ್ವಭಾವವಿಲ್ಲ. "ಹೊಟ್ಟೆಕಿಚ್ಚು ಕಣ್ಲಾ. ನಂ ಫೋಟೋಗೆ ಒಂದು ಹೆಬ್ಬೆಟ್ಟು ಒತ್ತುದ್ರೆ ಅವನ ಆಸ್ತಿ ಹೋಯ್ತದಾ? ಇನ್ಮೇಲೆ ಅವನಿಗೆ ಕ್ಯಾಸೆಟ್ಟು ಕೊಡಲ್ಲ, ಹಾಸನದಲ್ಲಿ ಮಾಡುಸ್ತೀನಿ" ಎಂದ. ಕ್ಯಾಸೆಟ್ಟಿನ ಕಾಲ ಹೋಗಿ ಎಷ್ಟೋ ವರ್ಷವಾಗಿದ್ದರೂ ಅವನ ಬಾಯಲ್ಲಿ ಅದು ಉಳಿದಿತ್ತು. ಮಾತು ತಮಾಷೆಯದಾಗಿರಲಿಲ್ಲ. ಮಂಜ ಕೊಡದಿದ್ದರೆ ಅಜಿತನಿಗೆ ಕೆಲಸವೇ ಇಲ್ಲ. ಕೊನೆಗೆ ನಾನೇ, ಒಂದು ಸಲ ಹೋಗಿ ಅವನ ಮೇಜನ್ನು ಕಣ್ಣಾರೆ ನೋಡಿಬಿಡೋಣ, ಆಮೇಲೆ ಬೇಕಾದರೆ ಜಗಳವಾಡು ಎಂದೆ.

ಶ್ರಾವಣದ ಒಂದು ಭಾನುವಾರ ಹೋದೆವು. ನಾನು ಜಾವಗಲ್ ಮೇಲಿನ ಬಸ್ಸಿನಲ್ಲಿ, ಮಂಜ ಬೇಲೂರಿನಿಂದ ಬೈಕಿನಲ್ಲಿ, ಹೆಗಲಿಗೆ ದೊಡ್ಡ ಕ್ಯಾಮೆರಾ ತಗುಲಿಸಿಕೊಂಡು. ಮಳೆ ಬಂದು ನಿಂತಿತ್ತು. ನಾವು ಸಂಜೆ ಬೆಳಕಿರುವಾಗಲೇ ಬರಬೇಕೆಂದು ಅಜಿತ ಹತ್ತು ಸಲ ಹೇಳಿದ್ದ. ಬಾಗಿಲಲ್ಲೇ ಅವನ ಅಜ್ಜಿ ಸಿಕ್ಕಿದರು. ಸಣ್ಣ ಆಳು, ಬಿಳಿ ಸೀರೆ, ದಪ್ಪ ಕನ್ನಡಕ. ಆ ಕನ್ನಡಕದ ಒಂದು ಕಡ್ಡಿಯನ್ನು ದಾರದಲ್ಲಿ ಕಟ್ಟಿಕೊಂಡಿದ್ದರು.

"ಬನ್ನಿ, ಕೂತ್ಕಳಿ. ಹೊತ್ತು ಮುಳುಗೋಕೆ ಮುಂಚೆ ಊಟ ಮಾಡ್ಬಿಡಿ. ನಿಮ್ ಮೇಜು ಎಲ್ಲೂ ಓಡೋಗಲ್ಲ" ಎಂದರು.

ಐದೂವರೆಗೆ ರಾತ್ರಿಯ ಊಟ ಮಾಡಿದ್ದು ನನ್ನ ದಿನಚರಿಯಲ್ಲಿ ಅದೊಂದೇ ಸಲ. ಚಪಾತಿ, ತೊವ್ವೆ, ಪಡವಲಕಾಯಿ ಪಲ್ಯ. ಮಂಜ ಪಲ್ಯದಲ್ಲಿ ಈರುಳ್ಳಿ ಹುಡುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಊಟ ಮಾಡುತ್ತ ಅಡುಗೆಮನೆಯ ಕಡೆ ನೋಡಿದೆ. ಅಜ್ಜಿ ಹಿತ್ತಾಳೆ ಕೊಡದ ಬಾಯಿಗೆ ಎರಡು ಪದರದ ಬಿಳಿ ಬಟ್ಟೆ ಕಟ್ಟಿ ಬಾವಿ ನೀರು ಸೋಸುತ್ತಿದ್ದರು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡಲಿಲ್ಲ. ಮಗುಚಿ ಹಿಡಿದು, ಸೋಸಿದ್ದೇ ನೀರಿನಿಂದ ಅದನ್ನು ಮೆಲ್ಲಗೆ ಜಾಲಿಸಿ, ಆ ಜಾಲಿಸಿದ ನೀರನ್ನು ಒಂದು ಸಣ್ಣ ಬಕೀಟಿಗೆ ಹಿಡಿದರು. ಅಜಿತನ ತಾಯಿ ಅದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಬಟ್ಟೆಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಹುಳುಗಳು ತಮ್ಮ ನೀರಿಗೆ ಮರಳಿ ಹೋಗಲಿ ಎಂದು ಹಾಗೆ ಮಾಡುತ್ತಾರಂತೆ. ಅಜಿತ ಪಿಸುದನಿಯಲ್ಲಿ ಹೇಳಿದ. ನಾಚಿಕೊಂಡು ಹೇಳಿದನೋ, ಹೆಮ್ಮೆಯಿಂದ ಹೇಳಿದನೋ, ತಿಳಿಯಲಿಲ್ಲ.

ಮೇಜು ಇದ್ದದ್ದು ಅಜ್ಜಿಯ ಕೋಣೆಯಲ್ಲಿ. ಮಳೆಗಾಲದಲ್ಲಿ ಆ ಮನೆಯಲ್ಲಿ ಸೋರದ ಕೋಣೆ ಅದೊಂದೇ. ಅಜಿತ ಒಳಗೆ ಹೋಗಿ ದೀಪ ಹಾಕಿದ. ನಾವಿಬ್ಬರೂ ಬಾಗಿಲಲ್ಲೇ ನಿಂತೆವು. ಫೋಟೋದಲ್ಲಿ ನೋಡಿದ್ದ ಅದೇ ಹಾಲಿನ ಬೆಳಕು. ಬೆಳಕಿನ ಗುಟ್ಟು ಒಂದು ಗುಡಾರವಾಗಿತ್ತು. ನಾಲ್ಕು ಬಿದಿರ ಗಳ ನಿಲ್ಲಿಸಿ, ಮೇಜು ಕುರ್ಚಿ ಎರಡೂ ಒಳಗಾಗುವಂತೆ ತೆಳ್ಳಗಿನ ಬಿಳಿ ಬಟ್ಟೆ ಕಟ್ಟಿದ್ದರು. ದೀಪವೆಲ್ಲ ಒಳಗೆ, ಫೋಟೋ ತೆಗೆಯುವುದು ಹೊರಗಿನಿಂದ. ಅಂಚಿಗೆ ಜೀರಿಗೆಯಷ್ಟು ಉದ್ದದ ಹೊಲಿಗೆ.

"ಇದೇನಜ್ಜಿ ಇದು?" ಎಂದ ಮಂಜ.

"ನನ್ ಸೀರೆ. ನೀರು ಸೋಸಲ್ವಾ? ಹಂಗೇ ಬೆಳಕೂನೂ" ಎಂದರು ಅಜ್ಜಿ.

ಆಮೇಲೆ ಹೇಳಿದರು. ಚಾತುರ್ಮಾಸದ ನಾಲ್ಕು ತಿಂಗಳು ಅವರು ಮುಸ್ಸಂಜೆಯ ನಂತರ ತಮ್ಮ ಕೋಣೆಯಲ್ಲಿ ದೀಪ ಹಚ್ಚುತ್ತಿರಲಿಲ್ಲ, ದೀಪಕ್ಕೆ ಹುಳ ಬಂದು ಸಾಯುತ್ತವೆಂದು. ಮೊಮ್ಮಗನಿಗೆ ಸಂಜೆಯೇ ಕೆಲಸ. ಬೇರೆ ಕಡೆ ಬಾಡಿಗೆಗೆ ಕೋಣೆ ಹಿಡಿಯುತ್ತೇನೆ ಎಂದನಂತೆ. "ಮನೆ ಹುಡುಗ ಬಾಡಿಗೆ ರೂಮಲ್ಲಿ ಕೂರೋಕೆ ಈ ಮನೇಲಿ ಜಾಗ ಇಲ್ವಾ ಅಂದೆ. ದೀಪ ಹಚ್ಕೊಳಪ್ಪ, ಬಟ್ಟೆ ಒಳಗೆ ಹಚ್ಕೋ. ನಂಗಿರೋದು ಒಂದೇ ಮಾತು. ಈ ಕೋಣೆ ದೀಪದಿಂದ ಒಂದು ಹುಳ ಸತ್ರೂ ಮಾರನೇ ದಿನ ನಂಗೆ ಊಟ ಇಲ್ಲ." ಆ ನಾಲ್ಕು ತಿಂಗಳು ಅವರು ಹೇಗೂ ಒಪ್ಪೊತ್ತು, ದಿನಕ್ಕೆ ಒಂದೇ ಊಟ. ಅದೂ ಇಲ್ಲವೆಂದರೆ ಏನೂ ಇಲ್ಲ. ಅಜಿತ ಕೆಲಸ ಮಾಡುವಾಗ ಅವರು ಹೊರಗೆ ಚಾಪೆಯ ಮೇಲೆ ಕೂತು, ಬಟ್ಟೆಯ ಮೇಲೆ ಬಂದು ಕೂರುವ ಹುಳಗಳನ್ನು ಮೆತ್ತನೆಯ ಅರಿವೆಯಲ್ಲಿ ಎತ್ತಿ ಹಿತ್ತಲಿಗೆ ಬಿಟ್ಟು ಬರುತ್ತಿದ್ದರು.

ಮಂಜ ತಲೆ ಕೆರೆದುಕೊಂಡ. "ಅದ್ಸರಿ. ನಮ್ ಫೋಟೋಗೆ ಯಾಕ್ಲಾ ಹೆಬ್ಬೆಟ್ಟು ಒತ್ತಲ್ಲ ನೀನು?"

ಅಜಿತ ಅಜ್ಜಿಯ ಮುಖ ನೋಡಿದ.

"ನಾನೇ ಬೇಡ ಅಂದಿದ್ದು" ಎಂದರು ಅಜ್ಜಿ. "ಮಾಡೋದು, ಮಾಡ್ಸೋದು, ಮಾಡಿದ್ದನ್ನ ಮೆಚ್ಚೋದು, ಮೂರೂ ಒಂದೇ ಅಂತ ನಮ್ಮಲ್ಲಿ. ಮಳೆಗಾಲ್ದಾಗೆ ಅಷ್ಟೊಂದು ದೀಪ ಹಾಕ್ಕಂಡು ಕೂತಿರ್ತೀರಿ. ಎಷ್ಟು ಹುಳ ಬೀಳ್ತವೋ. ಅದನ್ನ ಇವನು ಭೇಷ್ ಅಂದ್ರೆ ಇವನಿಗೂ ಪಾಲು ಬಂತಲ್ಲ."

"ಅಯ್ಯೋ ಅಜ್ಜಿ, ಹಂಗಾದ್ರೆ ನನ್ ಫೋಟೋ ಮೆಚ್ಚಿದೋರೆಲ್ಲಾ ನರಕಕ್ಕಾ?"

"ಎಷ್ಟು ಜನ ಮೆಚ್ಚವ್ರೆ?"

ಮಂಜ ನನ್ನ ಕಡೆ ಕೈ ತೋರಿಸಿದ. "ಇವನೊಬ್ನೇ."

"ಹಂಗಾದ್ರೆ ಜಾಗ ಸಾಕು ಬಿಡು" ಎಂದು ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ನಾನು ಅಲ್ಲಿಗೆ ಎಲ್ಲ ತಿಳಿಯಿತು ಎಂದುಕೊಂಡೆ. ಬೆಳಕಿನ ಗುಟ್ಟು ತಿಳಿಯಿತು, ಹೆಬ್ಬೆಟ್ಟಿನ ಗುಟ್ಟು ತಿಳಿಯಿತು. ಎರಡು ಬಾಕಿ ಒಟ್ಟಿಗೆ ತೀರುವ ದಿನ ದಿನಚರಿಯಲ್ಲಿ ಅಪರೂಪ. ಅಷ್ಟರಲ್ಲಿ ಹೊರಗೆ ಪೂರ್ತಿ ಕತ್ತಲಾಯಿತು. ಮಳೆ ನಿಂತ ಸಂಜೆ ನೆಲದಿಂದ ರೆಕ್ಕೆಹುಳಗಳು ಏಳುತ್ತವಲ್ಲ, ಅವು ಕಿಟಕಿಯ ಸಂದಿಯಲ್ಲಿ ಬಂದು ಬಟ್ಟೆಯ ಮೇಲೆ ಕೂರತೊಡಗಿದವು. ಮಂಜ ಹೊರಗಿನಿಂದಲೇ ಒಂದೆರಡು ಫೋಟೋ ತೆಗೆದ. "ಒಳಗೆ ಹೆಂಗೈತೋ ನೋಡಂಗಿಲ್ವಲ್ಲ" ಎಂದು ತನ್ನಷ್ಟಕ್ಕೆ ಗೊಣಗಿದ. "ಬೇಡ ಕಣೋ, ಹಗಲಲ್ಲಿ ಬಾ, ತೋರಿಸ್ತೀನಿ" ಎಂದ ಅಜಿತ. ಮಂಜ ಒತ್ತಾಯ ಮಾಡಲಿಲ್ಲ. ನಾನೂ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದು ಯಾರ ಒತ್ತಾಯದಿಂದಲೂ ಆದದ್ದಲ್ಲ.

ಅಜ್ಜಿ ಚಾಪೆಯಿಂದ ಎದ್ದರು. ಮುಂದಿನ ಲಾಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಬಟ್ಟೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತರು.

"ಅಜ್ಜೀ! ಹುಳ!" ಎಂದು ಅಜಿತ ಕೂಗಿದ.

"ಗೊತ್ತು ಸುಮ್ನಿರೋ. ಅಷ್ಟು ದೂರದಿಂದ ಬಂದವ್ರೆ, ನೋಡ್ಲಿ ನಿನ್ ಮೇಜು." ಮಂಜನ ಕಡೆ ತಿರುಗಿ, "ತೆಕ್ಕಳಯ್ಯ ಬೇಗ" ಎಂದರು.

ಮಂಜ ತೆಗೆದ. ರೆಕ್ಕೆಹುಳಗಳು ಅವರ ಕೈ ಕೆಳಗಿಂದಲೇ ನುಗ್ಗಿದವು. ಬಟ್ಟೆ ಸರಿದ ಮೇಲೆ ಅಲ್ಲಿ ಕಂಡದ್ದು ಎಲ್ಲರ ಮನೆಯಲ್ಲೂ ಇರುವಂಥ ಒಂದು ಮೇಜು. ಬಣ್ಣ ಹೋದ ಪ್ಲೈವುಡ್ಡು, ಕಣ್ಣಿಗೆ ಚುಚ್ಚುವ ಹಳೇ ಬಲ್ಬಿನ ಟೇಬಲ್ ಲ್ಯಾಂಪು. ಇ‌ನ್ನು ವೈರು! ಎಲ್ಲಿ ನೋಡಿದರೂ ವೈರು, ಆಲದ ಬಿಳಲಿನ ಹಾಗೆ. ಬಟ್ಟೆ ಮರೆಮಾಡುತ್ತದೆಂದು ಅಜಿತ ಒಂದನ್ನೂ ಕಟ್ಟಿರಲಿಲ್ಲ. ಅಜ್ಜಿ ಕೂಡ ದೀಪ ಹೊತ್ತಿದ್ದಾಗ ಅದನ್ನು ಬಟ್ಟೆಯಿಲ್ಲದೆ ನೋಡಿದ್ದು ಅದೇ ಮೊದಲಂತೆ. ಕನ್ನಡಕದೊಳಗಿನಿಂದ ಸ್ವಲ್ಪ ಹೊತ್ತು ನೋಡಿದರು.

"ಇಷ್ಟೇನಾ?" ಎಂದರು.

ಬಟ್ಟೆ ಇಳಿಸಿದರು. ಅಜಿತ ದೀಪ ಆರಿಸಿದ. ಫೋನಿನ ಮಂಕು ಬೆಳಕಲ್ಲಿ ನಾವು ನಾಲ್ವರೂ ಅರಿವೆ ಹಿಡಿದು ಹುಳ ಎತ್ತಿದೆವು. ಮಂಜನಂಥ ಮಂಜ ಮೊಣಕಾಲೂರಿ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಎತ್ತಿ ನಿಂಬೆ ಗಿಡದ ಬುಡಕ್ಕೆ ಬಿಟ್ಟು ಬರುತ್ತಿದ್ದ. ಆದರೂ ಬಲ್ಬಿಗೆ ಬಡಿದು ಬಿದ್ದವು ಬಿದ್ದಿದ್ದವು. ಅಜ್ಜಿ ಅವನ್ನು ನೋಡಿದರು. ನಮ್ಮನ್ನು ಕಳಿಸುವಾಗ, ಮಳೆಯಲ್ಲಿ ನೆನೆಯಬೇಡಿ ಎಂದರು.

ಮರುದಿನ ಅಜಿತನ ಸಂದೇಶ ಬಂತು. 'ಅಜ್ಜಿ ಇವತ್ತು ಉಪವಾಸ. ಖುಷಿಯಾಗೇ ಇದ್ದಾಳೆ.'

ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನಾನು ಎಷ್ಟು ಸಲ ನೋಡಿದ್ದೇನೋ. ಹುಳ ಸಾಯಬಾರದೆಂದು ತಮ್ಮ ಸೀರೆ ಹರಿದು ಗುಡಾರ ಹೊಲಿದವರು, ಸಾಯುತ್ತವೆಂದು ಗೊತ್ತಿದ್ದೇ ಅದನ್ನು ಎತ್ತಿದ್ದೇಕೆ? ಮಂಜನಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. "ಶೋಕಿ ಕಣ್ಲಾ. ಮೊಮ್ಮಗನ ಮೇಜು ನಾಕು ಜನಕ್ಕೆ ತೋರ್ಸೋ ಶೋಕಿ. ನಮಗಿದ್ದದ್ದು ಅಜ್ಜೀಗಿರಬಾರ್ದಾ?" ಎಂದ. ಅಷ್ಟೇ ಎಂದು ಒಪ್ಪಿಕೊಳ್ಳಲು ನನಗಾಗಲಿಲ್ಲ. ಅದಲ್ಲ ಎನ್ನಲೂ ಆಗಲಿಲ್ಲ. ಅಜ್ಜಿಗೇ ನೋಡುವ ಆಸೆಯಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗಿದ್ದರೆ 'ಇಷ್ಟೇನಾ' ಎಂದಾಗ ಅವರಿಗೆ ನಿರಾಸೆಯಾಯಿತೋ ನಿರಾಳವಾಯಿತೋ? ಮಂಜ ಆ ಫೋಟೋವನ್ನು ಎಲ್ಲಿಯೂ ಹಾಕಲಿಲ್ಲ. ಹಾಕಬೇಡವೆಂದು ಯಾರೂ ಹೇಳಿರಲಿಲ್ಲ. ಹಾಸನದ ಮಾತನ್ನೂ ಅವನು ಮತ್ತೆ ಎತ್ತಲಿಲ್ಲ. ಅವತ್ತಿನಿಂದ ಮಳೆಗಾಲದಲ್ಲಿ ನಾವಿಬ್ಬರೂ ಮೇಜಿನ ಫೋಟೋವನ್ನು ಹಗಲಲ್ಲೇ ತೆಗೆಯತೊಡಗಿದೆವು. ಅದಕ್ಕೂ ಯಾರೂ ತೀರ್ಮಾನ ಮಾಡಿರಲಿಲ್ಲ. ಹಗಲ ಬೆಳಕಿನಲ್ಲಿ ನಮ್ಮ ಮೇಜುಗಳು ಸಪ್ಪೆಯಾಗಿ ಕಾಣುತ್ತಿದ್ದವು. ಅಜಿತ ಎಲ್ಲದಕ್ಕೂ ತಪ್ಪದೆ ಹೆಬ್ಬೆಟ್ಟು ಒತ್ತುತ್ತಿದ್ದ.

ವರ್ಷಗಳು ಹೋದವು. ಮಂಜನಿಗೆ ಮದುವೆಯಾಗಿ, ಮಗುವಾಗಿ, ಅದು ಕಲ್ಲಾನೆಯ ಮೇಲೆ ಸವಾರಿ ಮಾಡುವಂತಾಗಿ, ಮಾನಿಟರು ಗೋಡೆಗೆ ಹೋಯಿತು. ಗುಂಪಿನಲ್ಲಿ ಫೋಟೋ ಬರುವುದು ಅಪರೂಪವಾಯಿತು. ಈಚೆಗೆ ನಾನು ಹಳೇ ಬಾಗಿಲನ್ನು ಕಳಿಸಿ ಹೊಸ ಮೇಜು ಮಾಡಿಸಿದೆ. ಹಲಸಿನ ಹಲಗೆ, ಹಿಂದೆ ಹೊಸ ದೀಪದ ಪಟ್ಟಿ. ಸಂತೋಷದಲ್ಲಿ, ಇದು ಶ್ರಾವಣ ಎನ್ನುವುದನ್ನು ಮರೆತು, ಹೋದ ಭಾನುವಾರ ಸಂಜೆ ದೀಪ ಹೊತ್ತಿಸಿ ಫೋಟೋ ತೆಗೆದು ಹಾಕಿಬಿಟ್ಟೆ. ಅಜಿತನ ಫೋನಿನಿಂದ ಹೃದಯದ ಗುರುತು ಬಂತು. ಮಳೆಗಾಲದಲ್ಲಿ, ರಾತ್ರಿಯ ಫೋಟೋಗೆ! ಗೆರೆ ಹಾಕಿಕೊಂಡೆ. 'ತಿಳಿಯದ್ದು' ಸಾಲಿನಲ್ಲೂ ಬರೆದುಕೊಂಡೆ.

ಮೊನ್ನೆ ನಡುಮನೆಯ ತುಂಬ ಬಟ್ಟೆ ಹರಡಿಕೊಂಡು ಅಜಿತನಿಗೆ ಫೋನು ಮಾಡಿದೆ.

"ಅಜ್ಜಿ ಹೊಲಿದಿದ್ದು. ನಿನ್ನ ಮೇಜಿಗೆ" ಎಂದ. ಹಿಂದೆಯೇ, "ಹೋದ ವಾರ ಹಾರ್ಟ್ ಒತ್ತಿದ್ದು ನಾನಲ್ಲ ಕಣೋ" ಎಂದ.

"ಮತ್ತೆ?"

"ಭಾನುವಾರ ಆಯ್ತು ಅಂದ್ರೆ ಫೋನ್ ಇಸ್ಕೊಂಡು ನಿಮ್ಮ ಮೇಜು ನೋಡ್ತಾಳೆ, ಆವತ್ತಿಂದಾನೂ. ನಿಂದು ನೋಡಿ, ಎಷ್ಟು ಚೆನ್ನಾಗೈತೋ ಅಂದ್ಲು. ನಾನು ನೀರು ಕುಡ್ದು ಬರೋದ್ರೊಳಗೆ ಒತ್ತಿಬಿಟ್ಟಿದ್ಲು. ಒತ್ತಿ, ನಾಳೆ ನಂಗೆ ಅಡುಗೆ ಬೇಡ ಅಂದ್ಲು."

ನಾನು ದಿನಚರಿ ಎಳೆದುಕೊಂಡು ಹೋದ ಭಾನುವಾರದ ಪುಟ ತೆರೆದೆ.

"ಡಾಕ್ಟ್ರು ಇನ್ನು ಉಪವಾಸ ಮಾಡಂಗೇ ಇಲ್ಲ ಅಂದವ್ರೆ. ಅವತ್ತು ಮಧ್ಯಾಹ್ನ ತಲೆ ಸುತ್ತಿ ಕೂತ್ಬಿಟ್ಲು, ಅಮ್ಮ ಅತ್ತೇಬಿಟ್ಲು. ಇನ್ಮೇಲೆ ಫೋಟೋ ತೋರ್ಸಲ್ಲ ಹೋಗು ಅಂದೆ. ಕೇಳ್ಬೇಕಲ್ಲ? 'ಆ ಹುಡುಗನ್ಗೆ ದೀಪ ತೆಗಿ ಅನ್ನೋಕಾಗಲ್ಲ, ನಂಗೆ ನೋಡ್ದೆ ಇರೋಕಾಗಲ್ಲ. ಒಂದು ಬಟ್ಟೆ ಹೊಲಿದ್ರಾಯ್ತು' ಅಂತ ಕೂತೇಬಿಟ್ಲು."

"ಅಳತೆ ಹೇಗೋ ಸಿಕ್ತು?"

"ಫೋಟೋದಲ್ಲಿ ನಿನ್ನ ಕೀಬೋರ್ಡ್ ನೋಡಿ. ನನ್ನ ಕೀಬೋರ್ಡ್ ಮೇಲೆ ಕೈ ಇಟ್ಟು ಅಳೆದ್ಲು, ಎರಡು ಗೇಣು. ನಿನ್ನ ಮೇಜು ಅಂಥವು ನಾಲ್ಕು, ಅದಕ್ಕೆ ಎಂಟು ಗೇಣು ಅಂದ್ಲು. ಸರಿಯಾಗಿದೆಯೇನೋ?"

ಅಜಿತನದು ಪಕ್ಕದಲ್ಲಿ ಅಂಕಿಗಳ ಸಾಲೂ ಇರುವ ಉದ್ದದ ಕೀಬೋರ್ಡು. ನಾನು ಇಟ್ಟುಕೊಂಡಿರುವುದು ಮೋಟು ಕೀಬೋರ್ಡು, ಒಂದೂವರೆ ಗೇಣೂ ಇಲ್ಲ. ಬಟ್ಟೆ ನಡುಮನೆಯ ತುಂಬ ಹರಡಿಕೊಂಡದ್ದು ಏಕೆಂದು ಆಗ ತಿಳಿಯಿತು.

"ಸರಿಯಾಗಿದೆ" ಎಂದೆ.

ಭಾನುವಾರ ಇಡೀ ದಿನ ಅದನ್ನು ಕಟ್ಟುವುದೇ ಆಯಿತು. ಪ್ಲಾಸ್ಟಿಕ್ ಪೈಪು ನಿಲ್ಲಿಸಿ ಲಾಡಿ ಬಿಗಿದೆ. ಮೇಜನ್ನು ಮುಚ್ಚಿ, ಕುರ್ಚಿಯನ್ನು ಮುಚ್ಚಿ, ಪಕ್ಕದ ಪುಸ್ತಕದ ಗೂಡನ್ನೂ ನುಂಗಿ, ಇನ್ನೂ ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಕತ್ತರಿಸಲು ಮನಸ್ಸು ಬರಲಿಲ್ಲ. ಸಂಜೆ ಒಳಗೆ ಹೋಗಿ ಕೂತು ದೀಪ ಹಾಕಿದೆ. ಹೊರಗಿನ ಲಾಡಿಯನ್ನು ಅಮ್ಮ ಕಟ್ಟಿದಳು. ಆಗ ನನಗೆ ಗೊತ್ತಾದದ್ದು, ಒಳಗೆ ಕೂತವನಿಗೆ ಆ ಹಾಲಿನ ಬೆಳಕು ಕಾಣುವುದೇ ಇಲ್ಲ. ಅವನಿಗೆ ಅದೇ ಮೇಜು, ಅದೇ ಬಲ್ಬು. ಚೆಂದವೆಲ್ಲ ಹೊರಗೆ ನಿಂತವರಿಗೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಅಂತರಪಟ ಯಾವಾಗ ತೆಗೀತಾರಂತೆ?" ಎಂದರು.

"ಮೊದ್ಲು ಆ ಕಡೆ ನಿಲ್ಲೋಕೆ ಹುಡುಗಿ ನೋಡ್ರಿ" ಎಂದಳು ಅಮ್ಮ.

ಫೋಟೋ ತೆಗೆದದ್ದು ಅಮ್ಮನೇ. ಮೂಲೆಯಲ್ಲಿ ಅವಳ ಬೆರಳು ಬಂದಿತ್ತು, ಬಟ್ಟೆಯೊಳಗೆ ನಾನೊಂದು ನೆರಳಾಗಿ ಕಾಣುತ್ತಿದ್ದೆ. ಹಾಗೇ ಗುಂಪಿಗೆ ಹಾಕಿದೆ. ಮಂಜ, "ಏನ್ಲಾ ಇದು, ಸ್ವಾಮಿಗಳಾಗ್ಬಿಟ್ಯಾ?" ಎಂದು ಬರೆದ. ಅಜಿತನ ಫೋನಿನಿಂದ ಹೃದಯ ಬಂತು. ಹಿಂದೆಯೇ ಸಂದೇಶ: 'ಅಜ್ಜಿ ಒತ್ತಿದ್ದು. ನಾಳೆ ಅಡುಗೆ ಮಾಡೋಕೆ ಹೇಳಿದ್ಲು.'

ಇವತ್ತು ಬೆಳಗ್ಗೆ ಎದ್ದವನು ಹಲ್ಲುಜ್ಜುವ ಮೊದಲೇ ಹೋಗಿ ಬಟ್ಟೆ ಸರಿಸಿ ನೋಡಿದೆ. ಹೀಗೆ ನೋಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಬಟ್ಟೆಯ ಹೊರಗೆ ಏನೂ ಇರಲಿಲ್ಲ. ಒಳಗೆ, ಕೀಬೋರ್ಡಿನ ಪಕ್ಕದಲ್ಲಿ, ಒಂದು ರೆಕ್ಕೆಹುಳ ಸತ್ತು ಬಿದ್ದಿತ್ತು. ನನ್ನ ಜೊತೆಯಲ್ಲೇ ಒಳಗೆ ಬಂದಿರಬೇಕು. ಫೋನು ಕೈಯಲ್ಲಿತ್ತು. ಹೇಳಿದರೆ ಹಳೇಬೀಡಿನಲ್ಲಿ ಇವತ್ತೂ ಒಲೆ ಮೇಲಿನ ಅಡುಗೆ ಅಜ್ಜಿಗಿಲ್ಲ. ಹೇಳದಿದ್ದರೆ, ನಂಬಿ ಹೃದಯ ಒತ್ತಿದವರಿಗೆ ಮೋಸ ಮಾಡಿದಂತೆಯೋ ಅಲ್ಲವೋ ತಿಳಿಯಲಿಲ್ಲ. ಕೊನೆಗೆ ಫೋನು ಕೆಳಗಿಟ್ಟು, ಹುಳವನ್ನು ಅರಿವೆಯ ಚೂರಿನಲ್ಲಿ ಎತ್ತಿ, ಅಮ್ಮನ ಬಳ್ಳಿಯ ಬುಡದಲ್ಲಿ ಇಟ್ಟು ಬಂದೆ.

ಅಮ್ಮ ಇಡ್ಲಿ ತಟ್ಟೆ ತಂದಿಟ್ಟಳು.

"ನನಗೆ ಬೇಡಮ್ಮ ಇವತ್ತು."

"ಯಾಕೋ, ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ."

"ಮತ್ತೆ?"

ಮತ್ತೆ ಏನು ಎಂದು ನನಗೂ ಗೊತ್ತಿರಲಿಲ್ಲ. ನಾವು ಜೈನರಲ್ಲ. ಒಬ್ಬರು ಬಿಡಬೇಕಾದ ಊಟವನ್ನು ಇನ್ನೊಬ್ಬರು ಬಿಟ್ಟರೆ ನಡೆಯುತ್ತದೆಯೋ, ಅದಕ್ಕೂ ಏನಾದರೂ ಕ್ರಮವಿದೆಯೋ, ಕೇಳೋಣವೆಂದರೆ ಅದನ್ನು ಬಲ್ಲ ಒಬ್ಬರನ್ನೇ ಕೇಳುವ ಹಾಗಿಲ್ಲ. ಹಸಿವಂತೂ ಚೆನ್ನಾಗಿ ಆಗಿತ್ತು. ಅಮ್ಮ ತಟ್ಟೆ ಎತ್ತಿಕೊಂಡು, ಹೊಸ ಮೇಜು ಬಂದ ಮೇಲೆ ಹುಡುಗ ಸರಿಯಿಲ್ಲ ಎಂದು ಅಪ್ಪನಿಗೆ ಹೇಳುತ್ತ ಒಳಗೆ ಹೋದಳು.

ಹನ್ನೊಂದರ ಹೊತ್ತಿಗೆ ಅಜಿತನ ಸಂದೇಶ ಬಂತು. 'ಅಜ್ಜಿ ಊಟ ಆಯ್ತು.'

ನಾನು ಅದಕ್ಕೊಂದು ಹೆಬ್ಬೆಟ್ಟು ಒತ್ತಿದೆ.